ಸ್ವೀಕರಿಸಿದವರು: ಸ್ವತಃ

ಫೋನಿಗೆ ಬಂತು ಸಂದೇಶ:
ಪಾರ್ಸೆಲ್ ತಲುಪಿದೆ. ಸ್ವೀಕರಿಸಿದವರು: ಸ್ವತಃ.

ಸ್ವತಃ ನಾನು ಆಗ ಮೀನು ಮಾರ್ಕೆಟಿನ ಹಿಂದೆ
ಬೀಫಾತುಮ್ಮನ ಇಪ್ಪತ್ತು ರೂಪಾಯಿ
ಪಿಗ್ಮಿ ಪುಸ್ತಕದಲ್ಲಿ ಬರೆಯುತ್ತಿದ್ದೆ.
ಜೊತೆಗೊಂದು ಪಟ: ಅಂದುಂಞಿಯ ಅಂಗಡಿ,
ಬಾಳೆಗೊನೆಯ ಕೆಳಗೆ, ಸೋಡಾ ಕ್ರೇಟಿನ ಮೇಲೆ
ನನ್ನ ಹೆಸರು ಅಂಗಾತ ಮಲಗಿದೆ.

ನನ್ನ ಕುಂಬಳೆ ಅದರಲ್ಲಿ ‘ಕುಂಬ್ಳ’.
ಮನೆಹೆಸರು ಅರ್ಧ ನುಂಗಿದ್ದಾರೆ, ಫೋನ್ ನಂಬರು ಪೂರ್ತಿ.
ಒಳಗೇನಿದೆ ಎಂಬುದು ಮಾತ್ರ
ಮಲಯಾಳದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ
ತಪ್ಪಿಲ್ಲದೆ, ದಪ್ಪಕ್ಷರದಲ್ಲಿ:
ಶ್ರವಣ ಸಹಾಯಿ. ಎಡಗಿವಿ. ಒಂದು.

ಹದಿನೆಂಟು ವರ್ಷ ಈ ಪೇಟೆಯ ಚಿಲ್ಲರೆ ಕೂಡಿಸಿದ್ದೇನೆ.
ಯಾರು ಗಂಡನಿಗೆ ತಿಳಿಯದ ಹಾಗೆ ಕಟ್ಟುತ್ತಾರೆ,
ಯಾವ ಚಿನ್ನದಂಗಡಿಯ ಗಲ್ಲದಲ್ಲಿ ಗಾಳಿ ಮಾತ್ರ ಇದೆ,
ತಲೆದಿಂಬಿಗೂ ಹೇಳಿದವಳಲ್ಲ.
ಎಡಗಿವಿ ಮಂಕಾದ ಮೇಲೆ
ಜನರನ್ನು ಬಲಕ್ಕೆ ನಿಲ್ಲಿಸಿಕೊಳ್ಳುವುದು ಕಲಿತೆ,
ತುಟಿ ಓದುವುದು ಕಲಿತೆ,
ನಾಲ್ಕು ಭಾಷೆಯ ತುಟಿ.
ಪೇಟೆಗೆ ತಿಳಿಯಲಿಲ್ಲ.

ಸಂಜೆಯೊಳಗೆ ತಿಳಿಯಿತು.
ಸೊಸೈಟಿಯ ಗುಮಾಸ್ತ ‘ವಾರಿಜಕ್ಕಾ’ ಎಂದು ಕೂಗಿದ,
ನಾನು ರೈಲು ಹಳಿಯಾಚೆ ಇದ್ದ ಹಾಗೆ.
ಟೈಲರ್ ಐತಪ್ಪಣ್ಣ ಟೇಪು ಕೆಳಗಿಟ್ಟು
ಕೈಸನ್ನೆಯಲ್ಲಿ ಮಾತಾಡಿದರು.
ಅಂದುಂಞಿ, ಪಾಪ, ‘ನಾನು ಒಡೆಯಲಿಲ್ಲ,
ಓದಿದ್ದು ಮಾತ್ರ’ ಎಂದ,
ಬಸ್ಸು ಕಾಯುವವರೆಲ್ಲ ತಿರುಗಿ ನೋಡುವಷ್ಟು ಮೆಲ್ಲಗೆ.

ಹುಡುಗನಿಗೆ ಫೋನ್ ಮಾಡಿದೆ. ಶಿಬಿನ್.
‘ಒಟಿಪಿ ನೀವೇ ಕೊಟ್ಟಿರಲ್ಲ ಅಕ್ಕ?’
ಕೊಟ್ಟೆ. ಮೀನಿನ ಗದ್ದಲದಲ್ಲಿ,
ಬಲಗಿವಿಗೆ ಫೋನೊತ್ತಿ, ನಾಲ್ಕು ಅಂಕೆ.
ಅಷ್ಟಕ್ಕೆ ಏನೆಲ್ಲ ಕೊಟ್ಟ ಹಾಗಾಯಿತು?
ಹೇಳಬೇಕೆಂದು ತುಂಬ ಇತ್ತು. ಹೇಳಿದ್ದು:
‘ಒಂದು ಮಾತು ಕೇಳಬಹುದಿತ್ತು ಮಾರಾಯ.’
ಅವನಿಗೆ ಆವತ್ತು ಎಂಬತ್ತು ಮನೆ;
ಬೈಕಿನ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ.

ಕಿವಿಗೆ ಅದನ್ನು ಇಟ್ಟ ದಿನ ಎಡಗಡೆಯಿಂದ
ಮೊದಲು ಬಂದದ್ದು ಗೂಡ್ಸ್ ಗಾಡಿಯ ಹಾರ್ನು.
ಆಮೇಲೆ ಬೆನ್ನ ಹಿಂದೊಂದು ಪಿಸುಮಾತು:
‘ಕೆಪ್ಪಿಯ ಕೈಗೆ ಕೊಟ್ಟರೆ ಲೆಕ್ಕ ಸರಿ ಇರ್ತದಾ?’
ಅವಳ ಐವತ್ತನ್ನು ಐವತ್ತೆಂದೇ ಬರೆದುಕೊಂಡೆ.

ಮುಂದಿನ ತಿಂಗಳು ಬ್ಯಾಟರಿ ಬಂತು.
ಗೇಟಿನಾಚೆ ಶಿಬಿನ್, ಹೆಲ್ಮೆಟ್ ತೆಗೆದು,
ಪೊಟ್ಟಣದ ಚೀಟಿಯ ಮೇಲೆ ಅಂಗೈ ಮುಚ್ಚಿ,
ಸಣ್ಣ ದನಿಯಲ್ಲಿ:
‘ಕೈಗೇ ಕೊಡ್ಲಾ ಅಕ್ಕ, ಬೇರೆಲ್ಲಿಯಾದ್ರೂ ಇಡ್ಲಾ?’

ಸರಿಯಾಗಿಯೇ ಕೇಳಿಸಿತ್ತು.
‘ಆಂ?’ ಎಂದೆ,
ಇನ್ನೊಮ್ಮೆ ಕೇಳಲಿ ಎಂದು.