ಮುಕ್ಕು

ಮೊದಲು ಫ್ಯೂಸು ಕಿತ್ತು ಏಪ್ರನ್ನಿನ ಕಿಸೆಗೆ ಹಾಕಿಕೋ,
ಆಮೇಲೆ ಮಾತು, ಅನ್ನುತ್ತಿದ್ದ ಇಲ್ಮಾರ್ಸ್.
ಐವತ್ತೆರಡು ವರ್ಷ ಹತ್ತರಿ ಯಂತ್ರದ ಮುಂದೆ ನಿಂತವನ ಕೈಗೆ
ಹತ್ತೂ ಬೆರಳು.
ಬೇರೆ ಸರ್ಟಿಫಿಕೇಟು ಅವನ ಬಳಿ ಇರಲಿಲ್ಲ.

ಸಾಲ್ದುಸ್ ಊರಿನಾಚೆ, ಹಳೆಯ ಹಾಲಿನ ಡೈರಿಯ ಶೆಡ್ಡಿನಲ್ಲಿ
ಈಗ ನಾನು. ಯಂತ್ರ ಅದೇ:
ಸೋವಿಯತ್ ಕಾಲದ ಎರಕದ ಕಬ್ಬಿಣ,
ಗಬ್ಬದ ಹಸುವಿನಂತೆ ಇದ್ದಲ್ಲಿಂದ ಕದಲದು.
ಮಾರ್ಚಿಯಲ್ಲಿ ಛಾವಣಿಯ ಹಿಮ ತೊಟ್ಟಿಕ್ಕುವಾಗ
ಅದರ ಮೈಯಲ್ಲೂ ಸಣ್ಣಗೆ ಬೆವರು;
ಬಿಟ್ಟರೆ ಬೆಳಗಾಗುವಷ್ಟರಲ್ಲಿ ತುಕ್ಕಿನ ಚುಕ್ಕೆ.

ಒರೆಸುತ್ತೇನೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ
ಉರುಳೆಗಳಿಗೆ ಮೆತ್ತಿದ ಪೈನ್ ಅಂಟು ಬಿಡಿಸುತ್ತೇನೆ,
ಮೋಂಬತ್ತಿಯ ಮೋಟು ಹಾಸಿನ ಮೇಲೆ ಉಜ್ಜಿ
ಹರಿದ ಉಣ್ಣೆ ಕಾಲುಚೀಲದಲ್ಲಿ ತಿಕ್ಕುತ್ತೇನೆ.
ಹಲಗೆ ಆಗ ತಳ್ಳಿಸಿಕೊಳ್ಳುವುದಿಲ್ಲ, ತಾನೇ ಹೋಗುತ್ತದೆ.
ಬೇರಿಂಗಿಗೆ ಗ್ರೀಸು, ಆದರೆ ಜಿಪುಣಿಯ ಕೈಯಲ್ಲಿ:
ಹೆಚ್ಚಾದರೆ ಹೊಟ್ಟು ಬಂದು ಪಂಕ್ತಿ ಕೂರುತ್ತದೆ.

ಅಲಗು ಮೊಂಡಾದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತು.
ಹರಿತವಿದ್ದಾಗ ಯಂತ್ರ ಗುನುಗುತ್ತದೆ.
ಮೊಂಡಾದರೆ ಹಲಗೆಯನ್ನು ಬೈಯುತ್ತದೆ,
ಕೊಯ್ಯುವ ಬದಲು ಬಡಿಯುತ್ತದೆ,
ಗಂಟಿನ ಸುತ್ತ ನಾರು ಕಿತ್ತು ಬರುತ್ತದೆ
ಅವಸರದ ಕ್ಷೌರದ ಹಾಗೆ.

ಅವತ್ತು ಹಾಗಲ್ಲ. ಟಣ್. ಒಂದೇ ಸಲ.

ಔಸ್ತ್ರಾಳ ಕಾಡಿನ ಪೈನ್ ಅದು. ಗರಗಸದ ಗಿರಣಿಯವರು
ಲೋಹ ಹುಡುಕುವ ಕೋಲು ಆಡಿಸಿಯೇ ಕಳಿಸಿದ್ದರು.
ಕೋಲಿಗೆ ಕಾಣದ್ದು ಅಲಗಿಗೆ ಸಿಕ್ಕಿತು:
ಉಗುರಿನಷ್ಟು ಫಿರಂಗಿ ಚೂರು,
ಸುತ್ತ ಮರ ನೀಲಿಗಟ್ಟಿತ್ತು, ಬಿದ್ದ ಹುಡುಗನ ಮೊಣಕಾಲಿನಂತೆ.
ಎಂಬತ್ತು ಉಂಗುರ ಸುತ್ತಿ ಮರ ಮುಚ್ಚಿಟ್ಟದ್ದನ್ನು
ಎರಡು ಮಿಲಿಮೀಟರ್ ಕೀಸಿ ನಾನು ತೆರೆದಿದ್ದೆ.

ಮೂರೂ ಅಲಗು ಒಂದೇ ಜಾಗದಲ್ಲಿ ಮುಕ್ಕು.
ಆಮೇಲೆ ಬಂದ ಪ್ರತಿ ಹಲಗೆಯ ಉದ್ದಕ್ಕೂ ಒಂದು ಏಣು,
ಕೂದಲೆಳೆಯಷ್ಟು. ಕಣ್ಣು ದಾಟಿಬಿಡುತ್ತದೆ, ಅಂಗೈ ಬಿಡುವುದಿಲ್ಲ.
ಅಲಗಿನಲ್ಲಿ ಇಲ್ಲದ್ದು
ಹಲಗೆಯಲ್ಲಿ ಎದ್ದು ನಿಲ್ಲುತ್ತದೆ.

ಫ್ಯೂಸು ಕಿತ್ತೆ, ಬಿಚ್ಚಿದೆ. ಚೌಕಟ್ಟಿಗೆ ಬಿಗಿದು ಸಾಣೆ ಹಿಡಿದೆ,
ಮೊದಲು ಒರಟು ಕಲ್ಲು, ಆಮೇಲೆ ನುಣುಪು, ನಡುನಡುವೆ ನೀರು.
ಬೆನ್ನ ಕಡೆ ಎದ್ದ ಸಿಬುರನ್ನು ಉಗುರಿನಲ್ಲಿ ಮುಟ್ಟಿ ನೋಡಿ
ಚರ್ಮದ ಪಟ್ಟಿಗೆ ಎಳೆದೆ. ಮುಂಗೈ ಕೂದಲು ಉದುರಿತು.
ಮುಕ್ಕು ಹೋಗಲಿಲ್ಲ. ಅದರ ಬುಡ ಮುಟ್ಟಬೇಕೆಂದರೆ
ಅರ್ಧ ಉಕ್ಕು ತೇಯಬೇಕು;
ಹೊಸ ಅಲಗು ರೀಗಾದಿಂದ ಬರಲು ಮೂರು ವಾರ.

ನೆನಪಾಯಿತು ಮುದುಕನ ಕಳ್ಳದಾರಿ:
ಒಂದನ್ನು ಎಡಕ್ಕೆ ಜರುಗಿಸು, ಒಂದನ್ನು ಬಲಕ್ಕೆ,
ಗೋಧಿ ಕಾಳಿನಷ್ಟು. ಮೂರನೆಯದು ಇದ್ದಲ್ಲೇ ಇರಲಿ.
ಹಾಸಿನ ತುದಿಗೆ ಓಕ್ ಕಡ್ಡಿ ಇಟ್ಟು ಉರುಳನ್ನು ಕೈಯಲ್ಲೇ ತಿರುಗಿಸಿದೆ,
ಪ್ರತಿ ಅಲಗೂ ಕಡ್ಡಿಯನ್ನು ಮೂರೇ ಮಿಲಿಮೀಟರ್ ಎಳೆಯುವ ತನಕ
ಸಡಿಲಿಸಿ, ಬಿಗಿದು, ಮತ್ತೆ ಸಡಿಲಿಸಿ.
ಬೋಲ್ಟುಗಳನ್ನು ಎರಡು ಸಲ ಎಣಿಸಿದೆ. ಕತ್ತಲಾಗಿತ್ತು.
ಒಂದರ ಮುಕ್ಕಿಗೆ ಇನ್ನೊಂದರ ಬಾಯಿ ಅಡ್ಡ ಬಂತು,
ಹಲಗೆ ನುಣ್ಣಗೆ ಇಳಿಯಿತು.

ಔಸ್ತ್ರಾ ಬಂದಳು, ರಬ್ಬರ್ ಬೂಟಿನ ತುಂಬ ಕೆಸರು.
ಚೂರನ್ನು ಅಂಗೈಯಲ್ಲಿ ತೂಗಿದಳು: "ನಮ್ಮವರದೋ, ಅವರದೋ?"
ಯಾವ ನಮ್ಮವರು ಎಂದು ನಾನು ಕೇಳಲಿಲ್ಲ.
ಅವಳ ದೊಡ್ಡಪ್ಪ ಒಂದು ಪಡೆಯಲ್ಲಿದ್ದ, ಚಿಕ್ಕಪ್ಪ ಇನ್ನೊಂದರಲ್ಲಿ.
ಚೂರು ಮೀನಿನ ಡಬ್ಬಕ್ಕೆ ಹೋಯಿತು, ಉಳಿದವುಗಳ ಜೊತೆ.
ನೀಲಿ ಹಲಗೆ ಒಲೆಗೆ ಎಂದೆ.
"ಹುಚ್ಚೇ? ನನ್ನ ಕೋಳಿಗೂಡಿಗೆ ಬಾಗಿಲಿಲ್ಲ,"
ಕಂಕುಳಲ್ಲಿ ಇರುಕಿಕೊಂಡು ನಡೆದೇಬಿಟ್ಟಳು.

ದೀಪ ಆರಿಸಿ ನಾನೂ ಹೊರಟೆ.
ದಾರಿಯಲ್ಲಿ ರೈ ರೊಟ್ಟಿ ಕೊಂಡು ಚಿಲ್ಲರೆ ಸುರಿದರೆ
ಅಂಗಡಿಯ ಹುಡುಗಿ ಎಣಿಸಿದಳು, ನಿಲ್ಲಿಸಿದಳು,
ಒಂದನ್ನು ಬೆರಳ ತುದಿಯಲ್ಲಿ ನನ್ನತ್ತ ತಳ್ಳಿದಳು:
"ಇದು ನಡೆಯುವುದಿಲ್ಲ, ವಿಜ್ಮಾ."

ಪಿಂಗಾಣಿ ಫ್ಯೂಸು.
ಏಪ್ರನ್ ಕಳಚುವುದನ್ನೇ ಮರೆತಿದ್ದೆ.