ಬಿಸಿಗೆ ಗೊತ್ತಾಗುವ ಮುನ್ನ

ನಮ್ಮ ಯುನಿಟ್ಟಿನ ಲೇಸರ್ ಒರಟು.
ಜೀನ್ಸಿನ ತೊಡೆಯ ಮೇಲೆ ಬಿಳಿ ಮೀಸೆ ಬರೆಯುತ್ತದೆ;
ಬರೆಯುವುದೆಂದರೆ ಸುಡುವುದೇ.
ಸಂಜೆಗೆ ನನ್ನ ಜಡೆಯಲ್ಲಿ ಕಾಗದ ಸುಟ್ಟ ವಾಸನೆ,
ಗಂಡ ಸೊಲ್ಲೆತ್ತುವುದಿಲ್ಲ, ಬೆಕ್ಕು ಸೀನುತ್ತದೆ.

ಕಟಿಂಗ್ ಮಾಸ್ತರ್ ದಸ್ತಗೀರ್ ಉಸ್ತಾದರಿಗೆ
ಆ ಯಂತ್ರ ಆಗಿಬರದು.
ನಲವತ್ತು ಪದರ ಡೆನಿಮ್ ಸೀಳುವ ಬ್ಯಾಂಡ್ ನೈಫಿಗೆ
ಎಡಗೈ ಬೆರಳ ತುದಿ ಕೊಟ್ಟವರು.
"ಕತ್ತರಿಸೋದಂದ್ರೆ ಕತ್ತರಿಸೋದು, ಸುಡೋದಲ್ಲ ಹುಲಿಗೆವ್ವಾ."

ಅವರ ಕಣ್ಣಿಗೆ ಪೊರೆ ಬಂತು.
ಮಗನಿಗೆ ವಾಷಿಂಗ್ ಪ್ಲಾಂಟಿನ ಪಾಳಿ,
ಕೌಲ್ ಬಜಾರಿನಿಂದ ಆಟೋದಲ್ಲಿ ಕರೆದೊಯ್ದವಳು ನಾನೇ.
ಲೇಸರ್ ಅಂದೊಡನೆ ಕುರ್ಚಿಯಿಂದ ಎದ್ದರು:
"ಕಣ್ಣು ಸುಡ್ತೀರೇನು?"

ಡಾಕ್ಟರಮ್ಮ ನಗಲಿಲ್ಲ.
ಒಂದು ಸೆಕೆಂಡನ್ನು ಕೋಟಿ ಚೂರು ಮಾಡಿ, ಅಂದರು,
ಅದರಲ್ಲೊಂದು ಚೂರನ್ನು ಮತ್ತೆ ಹತ್ತು ಕೋಟಿ.
ಅಂಥ ಕೆಲವು ನೂರು ಚೂರು ಹೊತ್ತು, ಅಷ್ಟೇ, ಬೆಳಕು ಇರೋದು.
ಪಕ್ಕದ ಕಣಕ್ಕೆ ಬಿಸಿಯ ಸುದ್ದಿ ಮುಟ್ಟುವಷ್ಟರಲ್ಲಿ
ಕೆಲಸ ಮುಗಿಸಿ ಹೋಗಿರುತ್ತೆ.

ಬಳ್ಳಾರಿಯಲ್ಲಿ!
ಬೆಳಗಿನ ಎಂಟಕ್ಕೇ ಕೋಟೆಗುಡ್ಡದ ಬಂಡೆ ಕಾದು
ನಮ್ಮ ತಗಡಿನವರೆಗೂ ಸುದ್ದಿ ಕಳಿಸುವ ಊರಲ್ಲಿ
ಬಿಸಿಗೆ ಗೊತ್ತಿಲ್ಲದೆ ನಡೆಯುವ ಕೆಲಸವೂ ಉಂಟೆ?

ಹೊರಗೆ ಬೆಂಚಿನ ಮೇಲೆ ನನಗೆ ಬೇರೆ ಯೋಚನೆ.
ಎರಡು ವರ್ಷದಿಂದ ಅವರ ಪೆನ್ಸಿಲ್ ಗೆರೆ
ಜೇಬಿನ ತಿರುವಿನಲ್ಲಿ ಅರ್ಧ ಬೆರಳು ಜಾರುತ್ತಿತ್ತು.
ಶುಕ್ರವಾರ ಅವರು ಮಸೀದಿಗೆ ಹೋದ ಹೊತ್ತಲ್ಲಿ
ಪ್ಯಾಟರ್ನ್ ರಟ್ಟಿನ ಮೇಲೆ ಇನ್ನೊಂದು ಗೆರೆ ಎಳೆದು
ಅದರ ಗುಂಟ ಕತ್ತರಿ ಆಡಿಸುತ್ತಿದ್ದೆ.
ಅವರದು ಒಳಗೇ ಉಳಿಯುತ್ತಿತ್ತು,
ಅಳಿಸಲು ಮನಸ್ಸಾಗಲಿಲ್ಲ.

ವಾರದ ಮೇಲೆ ಬಂದರು, ಕಪ್ಪು ಕನ್ನಡಕ.
"ವಾಸ್ನೆನೇ ಬರ್ಲಿಲ್ಲ ನೋಡು, ಸುಟ್ಟ ವಾಸ್ನೆ."
ಅದನ್ನೇ ಮೂರು ಸಲ, ಇಸ್ತ್ರಿಯವನಿಗೂ ಹೇಳಿದರು.
ಆಮೇಲೆ ಮೊಳೆಗೆ ತೂಗುಹಾಕಿದ ರಟ್ಟುಗಳ ಹತ್ತಿರ ನಿಂತು
ಒಂದನ್ನು ಇಳಿಸಿದರು. ಕಿಟಕಿಗೆ ಹಿಡಿದರು.
ಕನ್ನಡಕ ತೆಗೆದರು.
ಮೊಂಡು ಬೆರಳು ಅಂಚಿನುದ್ದಕ್ಕೂ ಹೋಗಿ
ಒಳಗುಳಿದ ತಮ್ಮದೇ ಗೆರೆಯ ಮೇಲೆ ನಿಂತಿತು.

"ಎಷ್ಟು ದಿನದಿಂದ?"

"ಇದೊಂದೇ," ಅಂದೆ.
ಆ ಬೆಳಕಿನಷ್ಟೇ ಚಿಕ್ಕ ಮಾತು.
ಅಕ್ಕಪಕ್ಕ ಸುಟ್ಟಿತೋ ಇಲ್ಲವೋ, ತಿಳಿಯದು.
ಉಸ್ತಾದರು ರಟ್ಟನ್ನು ಮತ್ತೆ ಮೊಳೆಗೆ ಸಿಕ್ಕಿಸಿ,
ಉಳಿದ ಮೂವತ್ತರ ಕಡೆ ತಿರುಗದೆ,
ಎರಡು ಚಹಾ ಹೇಳಿದರು.