ಬೇತಮಂಗಲದ ಕೆರೆ ಏರಿ ಮೇಲೆ

"ಗಾಳಕ್ಕೆ ಗರಿ ಕಟ್ಟಿದೀಯ? ಮೀನಿಗೇನು ಮದುವೇನಾ?"
ಅಂದ ಸೊಣ್ಣಪ್ಪ, ಬೀಡಿ ಕಚ್ಚಿಕೊಂಡೇ.
ನನ್ನ ಹೊಸ ಕೋಲು ಚಾಟಿಯ ಹಾಗೆ ಬೀಸಿ
ಹಿಂದಿನ ಜಾಲಿಮರವನ್ನೇ ಹಿಡಿದಿತ್ತು,
ಎರಡನೇ ಸಲ.

ಜಬೀವುಲ್ಲಾ ಮುಳ್ಳಿನಿಂದ ದಾರ ಬಿಡಿಸುತ್ತಾ:
"ಮೂರು ಕೇಜಿ ತೂಗ್ತದೆ, ಹುಷಾರಾಗಿ ಎಳಿ."

ಆಮೇಲೆ ಬುದ್ಧಿಮಾತು, ಬೇಡವೆಂದರೂ.
ಮುದ್ದೆಗೆ ಚೂರು ಇಂಗು ಕಲಸು.
ತೂಬಿನ ಹತ್ರ ಜಿಲೇಬಿ, ಜೊಂಡಿನ ಸಂದೀಲಿ ಕೊರವ.
ನೆರಳು ನೀರಿಗೆ ಬೀಳದ ಹಾಗೆ ಕೂರು.
ಮಸಾಲೆ ಅರೀರಿ ಅಂತ ಮಾತ್ರ ಮನೇಲಿ ಹೇಳಿ ಬರಬೇಡ,
ಹೇಳಿದ ದಿನ ಒಂದು ಸೀಗಡೀನೂ ಇಲ್ಲ.

"ಹೋದ ವರ್ಷ ತಪ್ಪಿಸ್ಕೊಂತಲ್ಲ ಕಾಟ್ಲ..."
ಸೊಣ್ಣಪ್ಪನ ಕೈ ಮೊಳದಿಂದ ಮಾರಿಗೆ ಹಿಗ್ಗಿತು.
"ಯುಗಾದಿಗೆ ಹೇಳಿದಾಗ ಮೊಳವೇ ಇತ್ತು!"
"ನೀರಲ್ಲಿರೋದು ಬೆಳೆಯಲ್ವೇನೋ?"

ನಕ್ಕೆವು. ನಗುವಾಗಲೇ
ಅವನ ಬೆಂಡು ಮುಳುಗಿ ಎದ್ದಿತ್ತು.
ಎಳೆದರೆ ಬರೀ ಗಾಳ,
ತೊಳೆದಿಟ್ಟಷ್ಟು ಚೊಕ್ಕ.

ಸಂಜೆ ಹೊರಡುವಾಗ, ಜಬೀವುಲ್ಲಾ ಆ ಕಡೆ ತಿರುಗಿದ್ದಾಗ,
ಸೊಣ್ಣಪ್ಪ ನನ್ನ ಚೀಲದೊಳಗೆ ತುರುಕಿದ್ದು
ಅವನ ಹುಂಜದ ಕತ್ತಿನ ನಾಲ್ಕು ಕೆಂಪು ಗರಿ.
"ನಿನ್ನ ಹುಳ ಅಂಗಡೀದು ಕಣಪ್ಪಾ,
ನಮ್ಮ ಕೆರೆಗೆ ಪರಿಚಯ ಇಲ್ಲ."